ಶಾಂತವ್ವನ ಬಯಕೆಗೆ ಮೂರು ಊರಿನ ಕೇಕು

ನಾನು ಅಜ್ಜನಾದೆ! ಮುಂಡರಗಿಯಲ್ಲಿ ನನ್ನ ಮಗಳು ಶಾಂತವ್ವ ಹೆಣ್ಣು ಕೂಸು ಹಡೆದಿದ್ದಾಳೆ. ತಾಯಿ ಮಗಳು ಇಬ್ಬರೂ ಗಟ್ಟಿಯಾಗಿದ್ದಾರೆ. ಕೂಸಿಗೆ ತಲೆತುಂಬ ಕೂದಲಂತೆ, ಅತ್ತರೆ ಓಣಿಯ ಆ ತುದಿಗೆ ಕೇಳುತ್ತದಂತೆ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕುಳಿತಿದ್ದವನು ಖಬರು ಕೇಳಿ ಲಾಳಿ ಕೈಬಿಟ್ಟು ಎದ್ದೆ, ಓಣಿಗೆಲ್ಲ ಸಕ್ಕರೆ ಹಂಚಿದೆ, ಹಂಚಿದವರಿಗೇ ಮತ್ತೆ ಹಂಚಿದೆ. ನಾನು ಕಲಿತದ್ದು ಕನ್ನಡ ಮೂರನೇ ಇಯತ್ತೆ. ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದಿರಿ. ಆದರೆ ಈ ಕೂಸು ಹೊಟ್ಟೆಯಲ್ಲಿ ಮೂರು ತಿಂಗಳದ್ದಿದ್ದಾಗ ನಾನು ಮಾಡಿದ ಪ್ರವಾಸ ಬರೆಯದೆ ಇರಲಾರೆ. ಈಗ ನಕ್ಕೋತ ಬರೆಯುತ್ತೇನೆ, ಆಗ ನಗು ಎಲ್ಲಿಂದ ಬರಬೇಕು.

ಆಗಿನ್ನೂ ಸ್ವಾತಂತ್ರ್ಯ ಬಂದು ವರ್ಷ ತುಂಬಿರಲಿಲ್ಲ. ಬೇಸಿಗೆ. ಅಳಿಯನ ಕಾಗದ ಬಂತು: "ಮಾವಾರ, ಶಾಂತಾನ ಹೊಟ್ಟ್ಯಾಗ ನಾಕು ದಿನದಿಂದ ನೀರು ಸುದ್ದಾ ನಿಲ್ಲವಲ್ದು." ಅವಳಿಗೆ ಹಿಂದೆ ಎರಡು ಸಲ ಮೂರನೇ ತಿಂಗಳಿಗೇ ಬಸಿರು ಇಳಿದುಹೋಗಿತ್ತು. ಸೂಲಗಿತ್ತಿ ಚಕ್ಕಡಿ ಹತ್ತಿಸಬೇಡಿರಿ, ಬಯಕೆ ಏನಿದೆ ಕೇಳಿ ತೀರಿಸಿರಿ ಎಂದಿದ್ದಳಂತೆ. ಅವಳು ಕೇಳಿದ್ದು ಒಂದೇ. ಮದುವೆಗೆ ಮೊದಲು ಗದಗ ಸ್ಟೇಶನ್ನಿನಲ್ಲಿ ರೈಲಿನೊಳಗಿನ ಯಾರೋ ಹೆಣ್ಣುಮಗಳು ಅವಳ ಕೈಗೆ ಒಂದು ತಿನಿಸು ಕೊಟ್ಟಿದ್ದಳು. ನೆರಿಗೆ ಕಾಗದದ ಬಟ್ಟಲು, ಒಳಗೆ ಹಳದಿ, ಮೆತ್ತಗೆ, ಮೇಲೊಂದು ಒಣದ್ರಾಕ್ಷಿ. ಹೆಸರು ಅವಳಿಗೂ ಗೊತ್ತಿಲ್ಲ.

ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. "ಮುಂಡರಗಿ ಆಚಿಗೆ ನಿಜಾಮನ ಸೀಮಿ. ಅಲ್ಲಿ ದಂಗೆಗೆ ಅಂಜಿ ಊರಿಗೆ ಊರ ಗಂಟು ಹೊತ್ತು ಈಚಿಗೆ ಬರಾಕತ್ತಾವಂತ. ಒಬ್ಬರ ಹೊಂಟೀರಲ್ಲ?"

"ಇಬ್ಬರೂ ಹೋದರ ಅಂಜಿಕಿ ಅರ್ಧ ಆಗತೈತೇನು?" ಎಂದೆ. ಅಂದದ್ದು ಜೋರಾಗಿ, ಹೊಸ್ತಿಲು ದಾಟಿದ್ದು ಮೆಲ್ಲಗೆ.

ಮೊದಲು ಗದಗಿನಲ್ಲಿ ಹುಡುಕಿದೆ. ಸ್ಟೇಶನ್ ರಸ್ತೆಯ ಬೇಕರಿಯವನು ನಾನು ಹೇಳಿದ್ದು ಕೇಳಿ, "ಕಪ್ ಕೇಕು ಅಂತಾರ್ರಿ ಅದಕ್ಕ" ಎಂದು ಒಂದು ಕೊಟ್ಟ. ತಿಂದೆ. ಬಿಳುಪಾಗಿತ್ತು, ಗಂಟಲಿಗೆ ಹತ್ತುವಂತಿತ್ತು, ದ್ರಾಕ್ಷಿ ಇರಲಿಲ್ಲ. ಮಾರ್ಕೆಟ್ ಹತ್ತಿರದ ಇನ್ನೊಂದರಲ್ಲೂ ತಿಂದೆ. ಅದು ಹಳದಿಯಾಗಿತ್ತು, ಆದರೆ ರೊಟ್ಟಿಯ ಅಂಚಿನಂತೆ ಬಿರುಸು. ಅಲ್ಲಿಯವನು ಹೇಳಿದ: "ದ್ರಾಕ್ಷಿದು ಲಕ್ಷ್ಮೇಶ್ವರದ ಒಬ್ಬ ಮುಸಲ್ಮಾನ ಸಾಹೇಬ ಮಾಡ್ತಾನ್ರಿ. ಹಿಂದ ಪುಣೇದಾಗ ಪಲ್ಟನ್ನಿನ ಬ್ರೆಡ್ ಭಟ್ಟಿ ಮ್ಯಾಲೆ ಕೆಲಸಕ್ಕಿದ್ದಾಂವ. ಆಗ ಸ್ಟೇಶನ್ನಿಗೆ ಕೇಕು ಅಂವನೇ ಕಳಸತಿದ್ದ."

ಲಕ್ಷ್ಮೇಶ್ವರಕ್ಕೆ ಇಪ್ಪತ್ತೈದು ಮೈಲಿ, ಮೋಟಾರಿಗೆ ಹದಿನಾಲ್ಕು ಆಣೆ. ಇದ್ದಿಲ ಗ್ಯಾಸಿನ ಮೋಟಾರು, ಮುಳಗುಂದ ದಾಟಿದ ಮೇಲೆ ಎರಡು ಸಲ ಕೆಮ್ಮಿ ನಿಂತಿತು. ನಿಂತಾಗೆಲ್ಲ ಜನ ಒಂದೇ ಮಾತು ತೆಗೆಯುತ್ತಿದ್ದರು: ಗಡಿ, ಬೆಂಕಿ, ಬಂದೂಕು. ಯಾರೂ ಕಣ್ಣಾರೆ ಕಂಡಿರಲಿಲ್ಲ, ಎಲ್ಲರೂ ಕಂಡವರಂತೆ ಹೇಳುತ್ತಿದ್ದರು. ನಾನು ಕಿವಿ ಮುಚ್ಚಿಕೊಳ್ಳಲೂ ಆಗದೆ, ಕೇಳಲೂ ಆಗದೆ, ಕೊರಳಿನ ಲಿಂಗ ಹಿಡಿದು ಕುಳಿತೆ.

ಲಕ್ಷ್ಮೇಶ್ವರ ಮೊನ್ನೆ ಮೊನ್ನೆಯವರೆಗೆ ಸಂಸ್ಥಾನದ ಊರು. ಸುಂಕದ ನಾಕಾದಲ್ಲಿ ಈಗ ಒಂದು ಆಡು ಮಲಗಿತ್ತು, ಕೇಳುವವರಿಲ್ಲ. ಸಾಹೇಬನ ಅಂಗಡಿಗೆ ಕೀಲಿ. ಕೀಲಿಯನ್ನು ಎರಡು ಸಲ ಜಗ್ಗಿ ನೋಡಿದೆ. ಪಕ್ಕದ ಚಹಾದವನು, "ಶಿರಹಟ್ಟ್ಯಾಗ ಅಕ್ಕನ ಮನಿಗೆ ಹೋಗ್ಯಾನ್ರಿ" ಎಂದು ಹೇಳಿ, ತನ್ನ ಬಳಿ ಉಳಿದಿದ್ದ ಬೇರೆ ಯಾರದೋ ಒಂದು ಕೇಕು ಕೊಟ್ಟ. ಯಾಲಕ್ಕಿ ಹಾಕಿತ್ತು, ತಳ ಸೀದಿತ್ತು. ಇದಲ್ಲ. ರಾತ್ರಿ ಗುಡಿಯ ಕಟ್ಟೆಯ ಮೇಲೆ ಮಲಗಿ ಬೆಳಿಗ್ಗೆ ಶಿರಹಟ್ಟಿಯ ದಾರಿ ಹಿಡಿದೆ. ಎಂಟು ಮೈಲಿ, ನಡೆದೇ ಹೋದೆ.

ಸಾಹೇಬ ಸಣ್ಣ ಆಳು, ಗಡ್ಡಕ್ಕೆ ಹಿಟ್ಟು ಹತ್ತಿತ್ತು. ಅಕ್ಕನ ಹಿತ್ತಲಲ್ಲಿ ಮಣ್ಣಿನ ಭಟ್ಟಿ ಕಟ್ಟಿಕೊಂಡಿದ್ದ. "ಯಾಕ ಊರು ಬಿಟ್ಟು ಬಂದಿ?" ಎಂದು ಕೇಳಿದೆ.

"ಗಡೀ ಸುದ್ದಿ ಕೇಳಿ ಮಂದಿ ಬಾಯಿ ಕೆಟ್ಟೈತ್ರಿ ಯಜಮಾನ್ರ. ನೀವು ಗಡಿಗೆ ಅಂಜತೀರಿ, ನಾ ನಮ್ಮ ಓಣಿಗೆ ಅಂಜತೇನಿ," ಎಂದು ಹೇಳಿ ಬಿಸಿ ಕೇಕೊಂದು ನನ್ನ ಅಂಗೈಯಲ್ಲಿಟ್ಟ. ನೆರಿಗೆ ಕಾಗದ, ಹಳದಿ, ದ್ರಾಕ್ಷಿ. ನಾಲಿಗೆಯ ಮೇಲೆ ಬೆಣ್ಣೆಯಂತೆ ಕರಗಿತು. ಇದೇ! ನಾನು ಕುಣಿಯುವುದೊಂದೇ ಬಾಕಿ. ಆಗ ಭಟ್ಟಿಯ ಪಕ್ಕದ ಬುಟ್ಟಿ ಕಣ್ಣಿಗೆ ಬಿತ್ತು. ಬುಟ್ಟಿ ತುಂಬ ಕೋಳಿ ತತ್ತಿಯ ಒಡೆದ ಚಿಪ್ಪು.

"ಇದೇನೋ?"

"ತತ್ತಿ ಇಲ್ಲದ ಇದು ಉಬ್ಬೂದಿಲ್ರಿ."

"ಎಲ್ಲಾ ಕಡೆ ಹಾಕತಾರೇನು?"

"ಬಹಳ ಮಂದಿ ಹಾಕತಾರ್ರಿ. ಯಾಕ, ನೀವು ಎಲ್ಲಿ ಎಷ್ಟು ತಿಂದೀರಿ?"

ನಾಲ್ಕು! ಮೂರು ಊರಲ್ಲಿ ನಾಲ್ಕು. ಲಿಂಗ ಕಟ್ಟಿಕೊಂಡವನು, ಹುಟ್ಟಿದಾಗಿನಿಂದ ತತ್ತಿ ಮುಟ್ಟದವನು. ಓಡಿಹೋಗಿ ಬಾಯಿ ಮುಕ್ಕಳಿಸಿದೆ. ಸಾಹೇಬ ನಗಲಿಲ್ಲ. ನಾನ್‌ಖಟಾಯಿ ತಂದು ತೋರಿಸಿ, "ಇದರಾಗ ತತ್ತಿ ಇಲ್ಲ, ಇದನ್ನ ಒಯ್ಯಿರಿ" ಎಂದ. ಆದರೆ ಮಗಳು ಕೇಳಿದ್ದು ಅದನ್ನಲ್ಲ. ಬೀಗರ ಮನೆಯಲ್ಲಿ ಲಿಂಗಪೂಜೆಯಾಗದೆ ಹನಿ ನೀರು ಕುಡಿಯುವುದಿಲ್ಲ. ಹೇಳದೆ ತಿನ್ನಿಸಿದರೆ ಮೋಸ. ಹೇಳಿದರೆ ತಿನ್ನಗೊಡುವುದಿಲ್ಲ, ಕೂಸು ಉಳಿಯುವುದಿಲ್ಲ. ಯಾರಾದರೂ ಆಮೇಲೆ ತಿಳಿದು ಮಗಳನ್ನು ತವರಿಗೆ ಅಟ್ಟಿದರೆ? ಅರ್ಧ ದಿನ ಆ ಹಿತ್ತಲಲ್ಲಿ ಕುಳಿತು ಅಂಜಿದೆ. ಕಡೆಗೆ ಆರು ಕೇಕು ಡಬ್ಬಿಯಲ್ಲಿ ಹಾಕಿಸಿಕೊಂಡೆ.

ಮರುದಿನ ಬೆಳಕು ಹರಿಯುವಾಗ ಶೇಂಗಾ ಚೀಲ ಹೇರಿದ ಚಕ್ಕಡಿಯೊಂದು ಮುಂಡರಗಿಗೆ ಹೊರಟಿತ್ತು. ಹೊಡೆಯುವವನ ಹೆಸರು ಹನಮಪ್ಪ. ಕಪ್ಪತಗುಡ್ಡದ ಸೆರಗಿನಲ್ಲಿ ದಾರಿ. ಬಿಸಿಲಿಗೆ ಗುಡ್ಡ ಕೆಂಪಗೆ ಕಾಯುತ್ತಿತ್ತು, ಹಕ್ಕಿಯ ಸಪ್ಪಳವೂ ಇಲ್ಲ. ನಾನು ಡಬ್ಬಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ.

"ಅದನ್ನೇನು ಕೂಸಿನಂಗ ಹಿಡದೀರಿ? ಕಳ್ಳರು ಬಂದ್ರ ಬಂಗಾರ ಅಂತ ತಿಳದು ನಿಮ್ಮನ್ನ ಮೊದಲು ಕಡೀತಾರ," ಎಂದ ಹನಮಪ್ಪ.

ಅವನು ಹಾಗೆಂದು ಬಾಯಿ ಮುಚ್ಚಿರಲಿಲ್ಲ, ತಿರುವಿನ ಆಚೆ ಧೂಳು ಎದ್ದಿತು. ಬಹಳ ಜನ. ಹನಮಪ್ಪ ಚಕ್ಕಡಿಯನ್ನು ಮುಳ್ಳುಕಂಟಿಯ ಹಿಂದಕ್ಕೆ ಇಳಿಸಿ ಎತ್ತಿನ ಕೊರಳ ಗಂಟೆ ಮುಷ್ಟಿಯಲ್ಲಿ ಹಿಡಿದ. ನನಗೆ ದೇವರ ಹೆಸರೂ ನೆನಪಾಗಲಿಲ್ಲ. ಶಾಂತವ್ವನ ಹೆಸರನ್ನೇ ಹೇಳುತ್ತಿದ್ದೆ. ಧೂಳಿನೊಳಗಿಂದ ಬಂದದ್ದು ಎಮ್ಮೆ, ಹಾಸಿಗೆ, ಬೀಸುಕಲ್ಲು ಹೇರಿಕೊಂಡ ಎರಡು ಮನೆತನ. ಗಡಿಯಾಚೆಯವರು. ಮುದುಕಿಯೊಬ್ಬಳು ನಮ್ಮನ್ನು ಕಂಡು ನಮಗಿಂತ ಹೆಚ್ಚು ಬೆದರಿ ನಿಂತು, "ಮುಂದ ನೀರು ಎಲ್ಲೈತ್ರಪ್ಪಾ?" ಎಂದಳು. ಹನಮಪ್ಪ ತನ್ನ ಬಿಂದಿಗೆಯನ್ನೇ ಕೊಟ್ಟ. ಆಮೇಲೆ ಮುಂಡರಗಿಯವರೆಗೆ ಅವನು ಚೇಷ್ಟೆ ಮಾಡಲಿಲ್ಲ.

ಹೊತ್ತು ಇಳಿಯುವಾಗ ತಲುಪಿದೆವು. ಅಂಗಡಿಗಳು ಆಗಲೇ ಹಲಗೆ ಹಾಕಿದ್ದವು. ಶಾಂತವ್ವ ಪಡಸಾಲೆಯಲ್ಲಿ ಮಲಗಿದ್ದಳು, ಕಣ್ಣು ಒಳಗೆ ಹೋಗಿದ್ದವು. ಡಬ್ಬಿ ತೆರೆದೆ. ವಾಸನೆಗೆ ಎದ್ದು ಕುಳಿತಳು. "ಅಪ್ಪಾ, ಇದ ನೋಡು!" ಎಂದು ಕೈ ಚಾಚಿದಳು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆಗಲಿಲ್ಲ. "ತಡಿ, ಮಗಳ," ಎಂದೆ. ಅವಳ ಅತ್ತೆ ಗುರುಸಿದ್ದವ್ವ ಕಂಬದ ಬಳಿ ನಿಂತಿದ್ದರು. "ಅಕ್ಕಾರ, ಇದರಾಗ ತತ್ತಿ ಐತಿ. ಗೊತ್ತಿಲ್ಲದ ನಾನೂ ನಾಕು ತಿಂದೇನಿ."

ಅವಳ ಮಾವ, ನನ್ನ ಬೀಗರು, ಚಾಪೆಯಿಂದ ಎದ್ದೇಬಿಟ್ಟರು. ಅಳಿಯ ತಲೆ ತಗ್ಗಿಸಿದ. ಶಾಂತವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. "ಒಲ್ಲೆ ಬಿಡಪ್ಪಾ." ಗುರುಸಿದ್ದವ್ವ ಡಬ್ಬಿ ಎತ್ತಿಕೊಂಡು ಒಳಗೆ ಹೋದರು. ತಿಪ್ಪೆಗೆ ಎಸೆಯುತ್ತಾರೆ, ಮುಗಿಯಿತು ಎಂದುಕೊಂಡೆ.

ಅವರು ಹಿತ್ತಾಳೆಯ ತಾಟು ಹಿಡಿದು ಬಂದರು. ಒಂದು ಇಡೀ ಕೇಕು ಸೊಸೆಗೆ. ಇನ್ನೊಂದನ್ನು ಚೂರು ಮಾಡಿದ್ದರು. "ಎಲ್ಲಾರೂ ಕುಂಡ್ರಿ. ಆಕಿ ಒಬ್ಬಾಕಿ ತಿಂದ್ರ ನಾಳಿ ನೀವ ಆಡಿಕೊಳ್ಳಾವರು. ಎಲ್ಲಾರ ಬಾಯಾಗೂ ಬೀಳಲಿ, ಆಮ್ಯಾಲೆ ಯಾರು ಯಾರಿಗೆ ಅಂತೀರಿ ನೋಡೂಣು."

"ಅರವತ್ತಾದ ಮ್ಯಾಲೆ ನನಗ ತತ್ತಿ ತಿನಸ್ತೀಯೇನ?" ಎಂದರು ಬೀಗರು.

"ಎರಡು ಕೂಸು ಹೋದಾಗ ನಿಮ್ಮ ಅರವತ್ತು ಏನ ಮಾಡ್ತು? ಬಾಯಿ ತಗೀರಿ."

ತಾವೇ ಮೊದಲು ತಿಂದರು, ಕಣ್ಣು ಮುಚ್ಚಿ, ಔಷಧ ನುಂಗುವವರಂತೆ. ಬೀಗರು ತಿಂದರು, ಅಳಿಯ ತಿಂದ, ನಾನು ಐದನೆಯದನ್ನು ತಿಳಿದೇ ತಿಂದೆ. ಶಾಂತವ್ವ ಕಾಗದ ಬಿಡಿಸಿ ಮೆಲ್ಲಗೆ ತಿಂದು ಮುಗಿಸಿದಳು. ಬಚ್ಚಲ ಕಡೆ ಓಡುತ್ತಾಳೆಂದು ಎಲ್ಲರೂ ಕಾಯ್ದೆವು. ಓಡಲಿಲ್ಲ. ಬಹಳ ಹೊತ್ತಾದ ಮೇಲೆ, "ಅತ್ತಿ, ಬಾಯಿ ಸಿಹಿ ಆತ್ರಿ. ಖಾರ ಏನರ ಐತೇನು?" ಎಂದಳು.

ಗುರುಸಿದ್ದವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದರು. ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು. ಆ ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಉಂಡೆವು, ಹನಮಪ್ಪನನ್ನೂ ಕರೆದು ಕೂರಿಸಿದ್ದರು. ಶಾಂತವ್ವ ಒಂದು ರೊಟ್ಟಿ ಮುಗಿಸಿ ಎರಡನೆಯದನ್ನು ಮುರಿದಳು. ಅಷ್ಟೂ ಮಂದಿ ತುತ್ತು ಕೈಯಲ್ಲೇ ಹಿಡಿದು ಅವಳನ್ನೇ ನೋಡುತ್ತಿದ್ದೆವು.

"ಏನ ಹಂಗ ನೋಡ್ತೀರಿ?" ಎಂದಳು ನನ್ನ ಮಗಳು. "ಉಣ್ರಿ."