ಕ್ವಿಜ್ ನಡುವೆ ಕೂಗಿದ ಸೈರನ್

ನಮ್ಮ ಮನೆಯಲ್ಲಿ ಕ್ವಿಜ್ ಹುಚ್ಚು ಹತ್ತಿರುವುದು ಮಗಳಿಗೆ. ಶಿವಮೊಗ್ಗದ ವಿದ್ಯಾನಗರದ ನಮ್ಮ ಮನೆಯಿಂದ ಶಾಲೆ ಮುಟ್ಟುವುದರೊಳಗೆ ಜಗತ್ತಿನ ರಾಜಧಾನಿಗಳನ್ನೆಲ್ಲ ಒಪ್ಪಿಸಿ ನನ್ನ ತಲೆ ತಿನ್ನುತ್ತಾಳೆ. ಭದ್ರಾವತಿಯ ಹಳೆಯ ಕ್ವಾರ್ಟರ್ಸಿನವರು ಸ್ನೇಹಕೂಟದಲ್ಲಿ ಕ್ವಿಜ್ ಇಟ್ಟಿದ್ದಾರೆ, ಪ್ರತಿ ತಂಡದಲ್ಲೂ ಮೂರು ತಲೆಮಾರು ಇರಲೇಬೇಕಂತೆ ಎಂದು ತಿಳಿದದ್ದೇ ತಡ, ಅಜ್ಜನ ಬೆನ್ನು ಹತ್ತಿದಳು.

ಅಪ್ಪ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. ಅವರು ದುಡಿದದ್ದು ಭದ್ರಾವತಿಯ ಒಂದು ಚಿಕ್ಕ ಕಾರ್ಖಾನೆಯಲ್ಲಿ. ನಮ್ಮ ಕ್ವಾರ್ಟರ್ಸಿನಲ್ಲಿ ಗಡಿಯಾರ ಇದ್ದದ್ದು ಗೋಡೆಯ ಅಂದಕ್ಕೆ ಮಾತ್ರ. ಅಕ್ಕಿ ಒಲೆಗೆ ಇಡುವುದು, ಮಕ್ಕಳನ್ನು ಎಬ್ಬಿಸುವುದು, ಡಬ್ಬಿ ಕಟ್ಟುವುದು ಎಲ್ಲವೂ ಶಿಫ್ಟಿನ ಸೈರನ್ ಕೇಳಿಕೊಂಡೇ. ದೂರದ ಯಾವುದೋ ಕಂಪನಿ ಕಾರ್ಖಾನೆಯನ್ನು ಕೊಂಡು, ಯಂತ್ರಗಳನ್ನು ಬೇರೆ ಕಡೆ ಸಾಗಿಸಿದ ಮೇಲೆ ಸೈರನ್ ನಿಂತಿತು. ನಮ್ಮ ಮನೆಗೆ ಬಂದು ನೆಲೆಸಿದ ಅಪ್ಪ ಮತ್ತೆ ಆ ಊರಿನ ಕಡೆ ತಲೆ ಹಾಕಿರಲಿಲ್ಲ. ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟೂ ದೂರವಿಲ್ಲ. ಆದರೂ ಜೊತೆಗಾರರ ಮನೆಯ ಮದುವೆಗಳಿಗೆ ನನ್ನನ್ನೇ ಅಟ್ಟುತ್ತಿದ್ದರು. ಬದುಕಿರುವ ಗೆಳೆಯರನ್ನೂ ಹೀಗೆ ಕಳೆದುಕೊಳ್ಳುತ್ತಿದ್ದಾರಲ್ಲ ಎಂದು ನನಗೆ ಸಂಕಟ, ಅದಕ್ಕಿಂತ ಹೆಚ್ಚು ಸಿಟ್ಟು. ಮೊಮ್ಮಗಳ ಕಾಟಕ್ಕೆ ಕೊನೆಗೂ ಹೂಂ ಎಂದರು. ನನಗೊಂದು ಷರತ್ತು ಹಾಕಿದರು.

"ಬೇಜಾರಾದ್ರೆ ಎದ್ದು ಬರ್ತೀನಿ. ಆಗ ಕೈ ಹಿಡಿದು ಕೂರಿಸೋಕೆ ಬರಬೇಡ ಮಾರಾಯ್ತಿ."

ಕ್ವಾರ್ಟರ್ಸಿನ ಹಳೆಯ ಸಭಾಂಗಣ ತುಂಬಿತ್ತು. ಅಪ್ಪ ಕುರ್ಚಿಯ ತುದಿಯಲ್ಲಿ ಕೂತರು. ಕೈಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲೇ ಇಲ್ಲ. ಎಷ್ಟೋ ವರ್ಷ ಒಂದೇ ಯಂತ್ರದ ಎದುರು ಜೊತೆಗೆ ನಿಂತಿದ್ದ ಗೆಳೆಯ ಪಕ್ಕದ ತಂಡದಲ್ಲೇ ಇದ್ದರು. ಅವರು ನಕ್ಕರೆ ಇವರು ಬರೀ ತಲೆಯಾಡಿಸಿದರು.

ನನ್ನ ಪಾಲಿಗೆ ಬಂದದ್ದು ಮಕ್ಕಳ ಸಾಹಿತ್ಯ. ಶಾಲೆಯಲ್ಲಿ ಕಲಿತ ಒಂದು ಶಿಶುಗೀತೆಯನ್ನು ಬರೆದವರು ಯಾರು ಎಂದು ಕೇಳಿದರು. ಪದ್ಯ ಪೂರ್ತಿ ಬಾಯಿಪಾಠ, ರಾಗವೂ ಗೊತ್ತು, ಬರೆದ ಪುಣ್ಯಾತ್ಮರೇ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದ ಹೆಸರು ಹೇಳಿ ಮಗಳ ಕಣ್ಣಲ್ಲಿ ಸಣ್ಣವಳಾದೆ. ಅವಳಿಗೆ ಸಮುದ್ರತೀರದ ಪ್ರಶ್ನೆ: ಬೇರೆ ಜೀವಿ ಬಿಟ್ಟುಹೋದ ಚಿಪ್ಪಿನಲ್ಲಿ ಸಂಸಾರ ಹೂಡುವ ಪ್ರಾಣಿ ಯಾವುದು? ಪ್ರಶ್ನೆ ಮುಗಿಯುವ ಮೊದಲೇ ಸನ್ಯಾಸಿ ಏಡಿ ಎಂದಳು. ಸಂಸಾರ ಹೂಡುವ ಏಡಿಗೆ ಸನ್ಯಾಸಿ ಎಂದು ಹೆಸರಿಟ್ಟವರು ಯಾರೋ ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ಗೊಣಗಿದರು. ಇಷ್ಟರಲ್ಲಿ ಫ್ಯಾನುಗಳ ಸದ್ದಿನಲ್ಲಿ ಸಮಯ ಮುಗಿದ ಗಂಟೆ ಹಿಂದಕ್ಕೆ ಕೇಳಿಸುತ್ತಿಲ್ಲ ಎಂದು ತಕರಾರು ಬಂತು. ಶಿವಮೊಗ್ಗದಿಂದ ಬಂದಿದ್ದ ಕ್ವಿಜ್ ಮಾಸ್ತರು, ಚಿಕ್ಕ ವಯಸ್ಸಿನವರು, ಗಂಟೆ ಬದಿಗಿಟ್ಟು, ಸಮಯ ಮುಗಿದಾಗ ಸದ್ದು ಮಾಡಲು ಮೊಬೈಲನ್ನು ಮೈಕಿನ ಹತ್ತಿರ ಇಟ್ಟುಕೊಂಡರು.

ಅಪ್ಪನಿಗೆ ಉಳಿದದ್ದು ವ್ಯಾಪಾರದ ಸುತ್ತು. ಒಂದು ಕಂಪನಿ ಇನ್ನೊಂದನ್ನು ಕೊಂಡು ಪೂರ್ತಿ ತನ್ನೊಳಗೆ ವಿಲೀನ ಮಾಡಿಕೊಂಡರೆ, ಕಾನೂನಿನ ಕಣ್ಣಿಗೆ ಆ ಎರಡನೆಯ ಕಂಪನಿ ಏನಾಗುತ್ತದೆ?

ಅದು ಇಲ್ಲವಾಗುತ್ತದೆ, ಅಷ್ಟೇ ಉತ್ತರ. ಅಪ್ಪನಿಗೆ ಗೊತ್ತಿತ್ತು, ಗೊತ್ತಿದ್ದದ್ದಕ್ಕೇ ಬಾಯಿ ಬರಲಿಲ್ಲ. ಮಗಳು ಅವರ ತೋಳು ಜಗ್ಗಿದಳು. ಸಮಯ ಮುಗಿಯಿತು. ಮೈಕಿನಿಂದ ಸೈರನ್ ಕೂಗಿತು, ಉದ್ದಕ್ಕೆ, ಥೇಟ್ ಕಾರ್ಖಾನೆಯದರ ಹಾಗೆ.

ಅಪ್ಪ ಎದ್ದು ನಿಂತರು. ಕೈಚೀಲ ಹೆಗಲಿಗೇರಿತು. ಮುಗಿಯಿತು, ಹೊರಟರು ಎಂದುಕೊಂಡೆ. ತಡೆಯುವುದಿಲ್ಲವೆಂದು ಮಾತು ಕೊಟ್ಟಿದ್ದೆನಲ್ಲ, ಬಗ್ಗಿ ನನ್ನ ಬ್ಯಾಗು ಎತ್ತಿಕೊಂಡೆ. ತಲೆಯೆತ್ತಿ ನೋಡಿದರೆ ಪಕ್ಕದ ತಂಡದ ಆ ಗೆಳೆಯನೂ ನಿಂತಿದ್ದಾರೆ. ಅವರಾಚೆಯವರು ಕಾಲಲ್ಲಿ ಚಪ್ಪಲಿ ತಡಕುತ್ತಿದ್ದಾರೆ. ಹಿಂದಿನ ಸಾಲಿನ ಅಜ್ಜಿ ಡಬ್ಬಿ ಕೊಡಲು ಹೊರಟವರಂತೆ ಅರ್ಧ ಎದ್ದಿದ್ದಾರೆ. ಹಳಬರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಕ್ವಿಜ್ ಮಾಸ್ತರು ತನ್ನಿಂದ ಏನೋ ಅಪಚಾರವಾಯಿತೆಂದು ಗಾಬರಿಯಾಗಿ ಮೊಬೈಲ್ ಮುಚ್ಚಿ ಹಿಡಿದರು.

ಅಪ್ಪನೇ ಗೆಳೆಯನತ್ತ ತಿರುಗಿದರು. "ಯಾವ ಶಿಫ್ಟ್ ಮಾರಾಯ ನಿಂದು?"

"ಸೆಕೆಂಡು," ಎಂದರು ಅವರು.

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ಹಾಗೆ ನಕ್ಕದ್ದನ್ನು ನೋಡಿ ನನಗೂ ಅಳು ಬಂತು. ನಾವು ಸೋತೆವು, ಮಗಳು ಮುಖ ಊದಿಸಿಕೊಂಡಳು, ಬಹುಮಾನ ಬೇರೆಯವರ ಪಾಲಾಯಿತು. ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸುತ್ತಿದ್ದರೂ ಅಪ್ಪ ಮತ್ತು ಆ ಗೆಳೆಯ ಮಾತಾಡುತ್ತಲೇ ಇದ್ದರು. ಕೈಚೀಲ ಎಲ್ಲೋ ನೆಲದ ಮೇಲಿತ್ತು. ಬಸ್ಸಿಗೆ ಹೊತ್ತಾಯಿತು, ಹೋಗೋಣವೇ ಎಂದು ಕೇಳಿದೆ. ಅಪ್ಪ ನನ್ನ ಕಡೆ ತಿರುಗಲೂ ಇಲ್ಲ.

"ಇರಮ್ಮಾ, ಇನ್ನೂ ಶಿಫ್ಟ್ ಬಿಟ್ಟಿಲ್ಲ."