‘ಬೇಡ’ ಎಂಬ ಚೌಕ

ಶಾಲೆಯಲ್ಲಿ ಎಲ್ಲರೂ ಆಕೆಯನ್ನು ಕೆಂಡ ಟೀಚರ್ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಗಾಲಿಕುರ್ಚಿಗೆಂದು ಕಟ್ಟಿಸಿದ ಇಳಿಜಾರು ವಿಪರೀತ ಕಡಿದಾದಾಗ, “ಒಂದ್ಸಲ ನೀವೇ ಕೂತು ಹತ್ತಿ ನೋಡಿ ಸರ್” ಎಂದು ಹೆಡ್‌ಮಾಸ್ಟರನ್ನೇ ಕುರ್ಚಿಯಲ್ಲಿ ಕೂರಿಸಿದವಳು ಆಕೆ. ಅವರು ಅರ್ಧ ಹತ್ತಿ, ಹಿಂದಕ್ಕೆ ಜಾರಿ, ಹೂಕುಂಡಕ್ಕೆ ಗುದ್ದಿಕೊಂಡರು. ಇಳಿಜಾರು ಬೇಗನೆ ಸರಿಹೋಯಿತು.

“ನಿನಗೆ ಮೂಗಿನ ತುದೀಲೇ ಕೋಪ ಕಣೇ” ಎಂದು ಮನೆಯಲ್ಲಿ ಅತ್ತಿಗೆ ಗೊಣಗುವರು.

“ಇನ್ನೆಲ್ಲಿಡ್ಲಿ ಅತ್ತಿಗೆ? ಬೀರೂಲಿ ನಿಮ್ಮ ಬಟ್ಟೆಗೇ ಜಾಗ ಸಾಲ್ತಿಲ್ಲ.”

ಅಂಥವಳ ಕೈಗೆ ಬಂದಳು ಟೇಲರಮ್ಮನ ಮಗಳು. ಹನ್ನೊಂದು ವರ್ಷ. ಎಲ್ಲವೂ ಅರ್ಥವಾಗುತ್ತದೆ, ಮಾತು ಬಾರದು. ಬಲಗೈಯ ಹೆಬ್ಬೆರಳೊಂದೇ ಅವಳು ಹೇಳಿದಂತೆ ಕೇಳುವುದು. ದಾನಿಗಳು ಕೊಟ್ಟ ಟ್ಯಾಬನ್ನು ಕೆಂಡ ಟೀಚರ್ ಅವಳ ಗಾಲಿಕುರ್ಚಿಯ ತೋಳಿಗೆ ಬಿಗಿದಳು. ಪರದೆಯ ತುಂಬ ಚಿತ್ರದ ಚೌಕಗಳು, ಒತ್ತಿದರೆ ಮಾತು. ಯಂತ್ರದ ಒಣ ದನಿ ಹಿಡಿಸದೆ ಟೀಚರ್ ತನ್ನ ದನಿಯನ್ನೇ ಅದರೊಳಗೆ ತುಂಬಿದಳು.

ಯಾವ ಮಾತು ತುಂಬುವುದೆಂದು ಟೇಲರಮ್ಮನನ್ನೂ ಕೇಳಿದ್ದಳು. “ನಾಲ್ಕು ಒಳ್ಳೆ ಮಾತು ಸಾಕಕ್ಕಾ. ಎತ್ತೋರು, ಕೂರಿಸೋರು ಎಲ್ಲ ಬೇರೆಯವ್ರು. ಜಗಳಗಂಟಿ ಅನ್ನಿಸ್ಕೊಂಡ್ರೆ ಯಾರು ಮುಟ್ತಾರೆ?” ಹೀಗೆ ನೀರು, ಹಸಿವು, ಬಚ್ಚಲು, ನಮಸ್ಕಾರ, ಸರಿ, ಥ್ಯಾಂಕ್ಸ್ ಎಲ್ಲವೂ ಚೌಕಗಳಲ್ಲಿ ಕೂತವು.

ಕೆಲವು ತಿಂಗಳ ಮೇಲೆ ಟೇಲರಮ್ಮ ಬಂದು, “ಶಾಲೆಯಿಂದ ಬಂದ್ರೆ ಬರೀ ಅಳ್ತಾಳೆ” ಎಂದಳು. ಅದೇ ದಿನ ದಾನಿಗಳು ಬಂದಿದ್ದರು. ಕೆಂಡ ಟೀಚರ್ ತರಗತಿಯ ಬಾಗಿಲಿಗೆ ಬರುವಷ್ಟರಲ್ಲಿ ಹೆಡ್‌ಮಾಸ್ಟರು ಹುಡುಗಿಯ ಮೇಲೆ ಬಾಗಿದ್ದರು. “ಥ್ಯಾಂಕ್ಸ್ ಹೇಳು ಮರೀ.” ಬೆರಳು ತಡವಾಯಿತು. ಅವರು ಆ ಹೆಬ್ಬೆರಳನ್ನು ಹಿಡಿದು, ಮೊಹರು ಒತ್ತಿದ ಹಾಗೆ ತಾವೇ ಚೌಕಕ್ಕೆ ಒತ್ತಿದರು. ಥ್ಯಾಂಕ್ಸ್. ಚಪ್ಪಾಳೆ. ಮತ್ತೆ ಒತ್ತಿದರು. ಥ್ಯಾಂಕ್ಸ್.

ಅತಿಥಿಗಳು ಹೋದ ಮೇಲೆ ಟೀಚರ್ ಆ ಬೆರಳನ್ನು ಬಿಡಿಸಿ ನೋಡಿದಳು. ಉಗುರಿನ ಬುಡ ನೀಲಿಗಟ್ಟಿತ್ತು, ಬಂದ ಅತಿಥಿಗಳಿಗೆಲ್ಲ ಒತ್ತಿ ಒತ್ತಿ ಆದ ಹಳೆಯ ನೀಲಿ.

“ದಿನಾ ನೋಡ್ತೀನಲ್ಲೇ, ನಂಗಾದ್ರೂ ಯಾಕ್ ಹೇಳ್ಲಿಲ್ಲ ನೀನು?”

ಹೆಬ್ಬೆರಳು ಎದ್ದಿತು. ನೀರಿನ ಮೇಲೆ ನಿಂತಿತು, ಬಿಟ್ಟಿತು. ಹಸಿವಿಗೆ ಹೋಯಿತು. ‘ಸರಿ’ಯ ಸುತ್ತ ಸುಳಿಯಿತು. ಪರದೆಯನ್ನೆಲ್ಲ ಅಲೆದು, ಸೋತು, ಮಡಿಲಿಗೆ ಬಿತ್ತು.

ಕೆಂಡ ಟೀಚರ್‌ಗೆ ಮೈಯೆಲ್ಲ ಉರಿಯಿತು. ಹೆಡ್‌ಮಾಸ್ಟರ ಮೇಲೆ, ಚಪ್ಪಾಳೆಯ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ. ಊರಿಗೆಲ್ಲ ಕೂಗಾಡುವ ತಾನು ಈ ಮಗುವಿಗೆ ಕೊಟ್ಟದ್ದು ಬರೀ ತಲೆಯಾಡಿಸುವ ಮಾತು! ಬಾಗಿಲು ಹಾಕಿ, ಟ್ಯಾಬಿಗೆ ಬಾಯಿ ಹತ್ತಿರ ತಂದು, ತನ್ನ ಅಸಲಿ ದನಿಯಲ್ಲೇ ಹೇಳಿದಳು: “ಬೇಡ.” “ನೋಯ್ತಿದೆ.” “ಮುಟ್ಟಬೇಡಿ.” ಕೆಂಪು ಚೌಕಗಳು, ಹೆಬ್ಬೆರಳಿಗೆ ಎಲ್ಲಕ್ಕಿಂತ ಹತ್ತಿರ.

ಮುಂದಿನ ಸಲ ದಾನಿಗಳು ಬಂದಾಗ ಹೆಡ್‌ಮಾಸ್ಟರ ಕೈ ಎಂದಿನಂತೆ ಮುಂದೆ ಬಂತು.

“ಮುಟ್ಟಬೇಡಿ.”

ಎಲ್ಲರೂ ಬಾಗಿಲಲ್ಲಿದ್ದ ಕೆಂಡ ಟೀಚರ್ ಕಡೆ ತಿರುಗಿದರು. ಅವಳ ತುಟಿ ಮುಚ್ಚಿತ್ತು.

“ಏನ್ ಮೇಡಂ, ಅತಿಥಿಗಳ ಮುಂದೆ ನನಗೇ ಗದರ್ತೀರಾ?”

“ನಾನಲ್ಲ ಸರ್. ಅವಳು.”

“ನೋಯ್ತಿದೆ” ಎಂದಿತು ಟ್ಯಾಬು. “ನೋಯ್ತಿದೆ. ನೋಯ್ತಿದೆ.”

ದಾನಿಯೊಬ್ಬರು ಬಾಗಿ ಆ ಉಗುರನ್ನು ನೋಡಿ, ಹೆಡ್‌ಮಾಸ್ಟರ ಮುಖ ನೋಡಿದರು. ಈ ಸಲ ಚಪ್ಪಾಳೆ ಬೀಳಲಿಲ್ಲ.

ಅವರು ಹೋದದ್ದೇ ತಡ, “ಆ ಕೆಂಪು ಚೌಕಗಳನ್ನ ಈಗಲೇ ಅಳಿಸಿ” ಎಂದರು ಹೆಡ್‌ಮಾಸ್ಟರು. “ಮಕ್ಕಳಿಗೆ ವಿನಯ ಕಲಿಸ್ಬೇಕು.”

“ಮಿಕ್ಕ ಮಕ್ಕಳ ಬಾಯಿಂದ ‘ಬೇಡ’ ಅನ್ನೋದನ್ನ ಮೊದಲು ಅಳಿಸಿ ಸರ್. ಆಮೇಲೆ ಇವಳದ್ದು ನೋಡೋಣ.”

ಕೋಪದಲ್ಲೇ ಬಂದು ಕುರ್ಚಿಯ ಹಿಡಿ ಹಿಡಿದು, ಹುಡುಗಿಯನ್ನು ಜೋರಾಗಿ ಹೊರಗೆ ತಳ್ಳತೊಡಗಿದಳು.

“ಬೇಡ.”

ತನ್ನದೇ ದನಿ, ತನ್ನದೇ ಸಿಡುಕು. ಟೀಚರ್ ಗಕ್ಕನೆ ನಿಂತಳು. ಇಷ್ಟೆಲ್ಲ ಹೊಡೆದಾಡಿದ್ದು ಇವಳಿಗಾಗಿಯೇ ಅಲ್ಲವೇ ಎಂದು ಒಂದು ಕ್ಷಣ ನಿಜಕ್ಕೂ ರೇಗಿತು. ಹುಡುಗಿ ಕತ್ತು ಹೊರಳಿಸಿ ತರಗತಿಯ ಕಡೆ ನೋಡುತ್ತಿದ್ದಳು. ಒಳಗೆ ಬೇರೊಬ್ಬ ಟೀಚರ್ ಮಾಡುತ್ತಿದ್ದ ಪಾಠ ಇನ್ನೂ ಮುಗಿದಿರಲಿಲ್ಲ.

ಟೀಚರ್ ಹಿಡಿಯಿಂದ ಕೈ ತೆಗೆದಳು. ಉಸಿರು ಇಳಿಯಲೆಂದು ಕಾದು, ಕುರ್ಚಿಯ ಮುಂದೆ ಬಂದು ಕೇಳಿದಳು.

“ಒಳಗೆ ಕರ್ಕೊಂಡು ಹೋಗ್ಲಾ?”

ಹೆಬ್ಬೆರಳು ಅವಸರವಿಲ್ಲದೆ ಎದ್ದಿತು.

“ಸರಿ.”