ಮುಂದೆ ಓಡುವವನು

ಆ ವಾರ ನನ್ನ ನೆನಪಿನಲ್ಲಿ ಗುರುವಾರ ಬೆಳಗಿನಿಂದ ಶುರುವಾಗುತ್ತದೆ. ಕೆರೆಯ ಏರಿ, ಏರಿಯ ಮೇಲೆ ಮಂಜು, ಮಂಜಿನೊಳಗೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡುತ್ತಿರುವ ನನ್ನ ಹೆಂಡತಿ. ಆದರೆ ಯಾವ ವಾರವೂ ಗುರುವಾರದಿಂದ ಶುರುವಾಗುವುದಿಲ್ಲ. ಅದಕ್ಕೆ ಮುಂಚೆ ಮೂರು ಬೆಳಗುಗಳು ಇದ್ದಿರಲೇಬೇಕು, ಅವುಗಳಲ್ಲಿ ನಾನೂ ಇದ್ದಿರಬೇಕು. ಈಗ ಅವನ್ನು ಹಿಂದಿನಿಂದ ಜೋಡಿಸುತ್ತಿದ್ದೇನೆ. ಬೇರೆ ಯಾವುದೋ ವಾರದ ಒಂದೆರಡು ತುಂಡು ಇದರೊಳಗೆ ಬಂದು ಕೂತಿದ್ದರೆ ಅದನ್ನು ಎಬ್ಬಿಸಿ ಕಳಿಸುವ ಶಕ್ತಿ ನನಗಿಲ್ಲ.

ಗಟ್ಟಿಯಾಗಿ ಗೊತ್ತಿರುವುದು ಇಷ್ಟು. ಮಗಳು ಪೊಲೀಸ್ ಕೆಲಸದ ಲಿಖಿತ ಪರೀಕ್ಷೆ ಪಾಸು ಮಾಡಿದ್ದಳು. ಉಳಿದಿದ್ದು ಮೈದಾನದ ಪರೀಕ್ಷೆ, ಎಲ್ಲರೂ ‘ಫಿಸಿಕಲ್’ ಎನ್ನುವುದು. ಹಿಂದಿನ ಸಲ ಅವಳು ಅದರ ಓಟದಲ್ಲೇ ಬಿದ್ದುಹೋಗಿದ್ದಳು. ಮುಂದಿನ ಸಲಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಹಾಗಾಗಿ ಬರುವ ಸೋಮವಾರವೇ ಕೊನೆಯದು.

ಅವಳ ಕಷ್ಟ ವಿಚಿತ್ರದ್ದು. ಮುಂದೆ ಯಾರಾದರೂ ಓಡುತ್ತಿದ್ದರೆ ಮಾತ್ರ ಅವಳ ಕಾಲಿಗೆ ವೇಗ ಬರುತ್ತದೆ. ಶಾಲೆಯಲ್ಲಿ ಖೊ ಖೊ ಆಡಿ ಆಡಿ ಬಂದದ್ದು. ಹಿಂದಿನ ಸಲ ಅರ್ಧ ಸುತ್ತಿನಲ್ಲೇ ಎಲ್ಲ ಹುಡುಗಿಯರನ್ನೂ ಹಿಂದೆ ಹಾಕಿದಳಂತೆ. ಆಮೇಲೆ ಎದುರಿಗೆ ಬರೀ ಮಣ್ಣು. ಹಿಡಿಯಲು ಯಾರೂ ಇಲ್ಲ. ಕಾಲು ತಾನಾಗಿಯೇ ನಿಧಾನವಾಯಿತು, ಹೊತ್ತು ಮೀರಿತು. ತನ್ನ ಗುಂಪಿಗೆ ಮೊದಲು ಬಂದು ಫೇಲಾದವಳು.

“ನೀನು ಮುಂದೆ ಓಡಪ್ಪಾ. ನಾನು ಹಿಡೀತೀನಿ,” ಎಂದಳು.

ನಾನು ನರಸಾಪುರದ ಒಂದು ಕಾರ್ಖಾನೆಯಲ್ಲಿ ಜನರಲ್ ಶಿಫ್ಟಿನವನು. ಸಂಜೆ ಕಂಪನಿ ಬಸ್ಸು ಕೋಲಾರದ ಹಳೆ ಬಸ್ ನಿಲ್ದಾಣದ ಹತ್ತಿರ ಬಿಡುತ್ತದೆ. ಎದುರಿಗೆ ವೈನ್ ಶಾಪು. ನಮ್ಮದನ್ನು ಕುಡಿತ ಅಂತ ನಾವ್ಯಾರೂ ಕರೆಯುತ್ತಿರಲಿಲ್ಲ. ‘ಇಳಿದು ಹೋಗೋಣ’ ಅನ್ನುತ್ತಿದ್ದೆವು, ಅಷ್ಟೆ. ಇಳಿದು ಹೋದ ಮಾರನೆಯ ಬೆಳಿಗ್ಗೆ ನಾನು ಓಡುವುದಿರಲಿ, ಏಳುವುದೇ ದೊಡ್ಡ ವಿಷಯ. ಆ ವಾರ ಮಾತ್ರ ಇಳಿಯುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದೆ.

ಸೋಮವಾರ, ಮಂಗಳವಾರ, ಬುಧವಾರ ಎದ್ದೆ. ಏರಿಯ ಹೊಂಗೆ ಮರಗಳು ಇನ್ನೂ ಕತ್ತಲನ್ನೇ ಹಿಡಿದುಕೊಂಡಿದ್ದವು. ಅಂತರಗಂಗೆ ಬೆಟ್ಟ ಇರಬೇಕಾದ ಕಡೆ ಬೆಟ್ಟ ಇರಲಿಲ್ಲ, ಮೋಡವಿತ್ತು. ಓಡುವಾಗ ಹಿಂದಕ್ಕೆ ತಿರುಗಿ ನೋಡಬಾರದು ಎಂದು ಅವಳ ಷರತ್ತು. ಹಾಗಾಗಿ ಆ ಬೆಳಗುಗಳಲ್ಲಿ ಮಗಳೆಂದರೆ ನನಗೆ ಬರೀ ಸದ್ದು. ಬೂಟಿನದು, ಉಸಿರಿನದು, ಹತ್ತಿರ ಹತ್ತಿರ ಬರುವುದು. ಒಮ್ಮೊಮ್ಮೆ ಅದರೊಳಗೆ ಗೆಜ್ಜೆಯ ಸದ್ದೂ ಕೇಳಿದಂತಾಗುತ್ತಿತ್ತು. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ ಕಾಲದ ಗೆಜ್ಜೆ. ಆ ಪುಟ್ಟ ಕಾಲುಗಳು ನನ್ನನ್ನು ಅಟ್ಟಿಸಿಕೊಂಡು ಬರುತ್ತಿವೆ ಅನ್ನಿಸಿ ನಾನು ನಿಜವಾಗಲೂ ಜೋರಾಗಿ ಓಡುತ್ತಿದ್ದೆ. ಕೊನೆಗೆ ಬೆನ್ನಿನ ಮೇಲೆ ಅಂಗಿ ಬಿಗಿಯುತ್ತಿತ್ತು.

“ಹಿಡ್ದೆ!”

“ಎಲ್ಲಿ? ನಾನು ಗೆರೆ ದಾಟಿದ ಮೇಲೆ ಹಿಡ್ದೆ.”

“ಸುಳ್ಳು ಹೇಳ್ಬೇಡಪ್ಪಾ. ನಿನ್ ಹೊಟ್ಟೆ ದಾಟಿತ್ತು, ನೀನು ದಾಟಿರ್ಲಿಲ್ಲ.”

ಸಂಜೆ ಬಸ್ಸಿನಲ್ಲಿ ನಾನು ಹೂಡಿದ ಉಪಾಯ ನಿದ್ದೆಯದು. ಊರು ಹತ್ತಿರವಾದಂತೆ ಕಣ್ಣು ಮುಚ್ಚಿ ಕಿಟಕಿಗೆ ಒರಗುವುದು. ಎಲ್ಲರೂ ಇಳಿದ ಮೇಲೆ ಒಂದು ನಿಲ್ದಾಣ ಮುಂದೆ ಹೋಗಿ, ಅಲ್ಲಿಂದ ನಡೆದು ಮನೆ ಸೇರುವುದು. ಮುಚ್ಚಿದ ಕಣ್ಣಿಗೆ ಒಮ್ಮೊಮ್ಮೆ ನಿಜವಾದ ನಿದ್ದೆಯೇ ಬರುತ್ತಿತ್ತು. ಆ ನಿದ್ದೆಯಲ್ಲಿ ಬಸ್ಸು ಕೋಲಾರಕ್ಕೆ ಬರುತ್ತಿರಲಿಲ್ಲ. ಮಾಲೂರಿನ ಇಟ್ಟಿಗೆ ಗೂಡುಗಳ ನಡುವೆ ಹೋಗುತ್ತಿತ್ತು, ಹೊಗೆ ಕೆಳಕ್ಕೆ ಇಳಿದು ಕಿಟಕಿಯಲ್ಲಿ ಕೂರುತ್ತಿತ್ತು, ಬಸ್ಸಿನ ಮುಂದೆ ಯಾರೋ ಓಡುತ್ತಿದ್ದರು. ಅದು ಯಾರೆಂದು ನೋಡುವಷ್ಟರಲ್ಲಿ ಯಾರಾದರೂ ಭುಜ ಅಲ್ಲಾಡಿಸುತ್ತಿದ್ದರು.

“ಏನ್ಲಾ, ಶಬರಿಮಲೆ ಸೀಸನ್ನೇ ಬಂದಿಲ್ಲ, ಈಗ್ಲೇ ಮಾಲೆ ಹಾಕ್ಬಿಟ್ಯಾ?”

“ಬಿಡ್ಲಾ ಅವ್ನ. ಸ್ವಾಮಿಗಳು ಮಲಗವ್ರೆ.”

ಬುಧವಾರ ಈ ಉಪಾಯ ನಡೆಯಲಿಲ್ಲ. ವೇಮಗಲ್ ಕಡೆಯ ಗೆಳೆಯನೊಬ್ಬನಿಗೆ ಮಗು ಹುಟ್ಟಿತ್ತು. ಅವನು ತನ್ನ ದಾರಿ ಬಿಟ್ಟು ನಮ್ಮ ಬಸ್ಸು ಹತ್ತಿದ್ದು ಇಳಿದು ಹೋಗುವುದಕ್ಕಾಗಿಯೇ. “ಹೆಣ್ಣು ಮಗು ಕಣಣ್ಣ. ನೀನು ಬರಲ್ಲ ಅಂದ್ರೆ ಹೆಸ್ರೇ ಇಡಲ್ಲ,” ಎಂದು ಕೈ ಹಿಡಿದು ಇಳಿಸಿದ. ಅಲ್ಲಿ ನಾನು ಏನು ಯೋಚಿಸಿದೆ ಎಂದು ಈಗ ಬರೆದರೆ ಅದು ಈಗಿನ ಯೋಚನೆಯೇ ಆಗುತ್ತದೆ. ಕಡಲೆಬೀಜದ ಸಿಪ್ಪೆ ಅಂಗೈಗೆ ಅಂಟಿಕೊಂಡಿದ್ದು ಮಾತ್ರ ನೆನಪಿದೆ.

ಗುರುವಾರ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬೆಳಕು ಬಿದ್ದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಬಾಗಿಲಲ್ಲಿ ಹೆಂಡತಿಯ ಚಪ್ಪಲಿ ಇತ್ತು. ಮಗಳ ಬೂಟು ಇರಲಿಲ್ಲ. ಬಾಯಿ ತೊಳೆಯದೆ ಏರಿಯ ಕಡೆ ನಡೆದೆ.

ಮಂಜಿನಲ್ಲಿ ಇಬ್ಬರು ಓಡುತ್ತಿದ್ದರು. ಮುಂದೆ ಬರಿಗಾಲಲ್ಲಿ ನನ್ನ ಹೆಂಡತಿ, ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದರಲ್ಲಿ ಆರಿಸಲು ಮರೆತ ಟಾರ್ಚು. ಅವಳ ತವರು ಶ್ರೀನಿವಾಸಪುರದ ಕಡೆ. ಸಂತೋಷವೋ ಸಿಟ್ಟೋ ಮೇಲೆ ಬಂದಾಗ ಮೊದಲು ಹೊರಡುವುದು ತೆಲುಗು. “ಪಟ್ಟುಕೋವೇ ಚೂದ್ದಾಂ!” ಹಿಡಿಯೇ ನೋಡೋಣ ಎಂದು ಕೂಗುತ್ತಿದ್ದಳು. ಹಿಂದೆ ಮಗಳು ನಗು ತಡೆಯಲಾರದೆ ಮಂಡಿಯ ಮೇಲೆ ಕೈಯೂರಿ ನಿಂತುಬಿಟ್ಟಿದ್ದಳು. ನೀರಿನ ಮೇಲಿನಿಂದ ಆ ನಗು ನನ್ನ ಕಡೆ ತಡವಾಗಿ, ಬೇರೆ ಯಾರದೋ ಎಂಬಂತೆ ಬರುತ್ತಿತ್ತು. ನನ್ನ ಜಾಗದಲ್ಲಿ ಹೆಂಡತಿ ಓಡುತ್ತಿದ್ದಾಳೆ ಎನ್ನುವುದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೆಂಡತಿ ಈಗಲೂ ಇದನ್ನು ಒಪ್ಪುವುದಿಲ್ಲ. ತಾನು ಓಡಲೇ ಇಲ್ಲ, ಬೇಗ ಬೇಗ ನಡೆದೆ ಅನ್ನುತ್ತಾಳೆ. ಇರಬಹುದು. ನನ್ನ ಕಣ್ಣಿನಲ್ಲಿ ಅವಳು ಓಡುತ್ತಲೇ ಇದ್ದಾಳೆ.

ನನ್ನನ್ನು ನೋಡಿ ಅವಳು ಬೈಯಲಿಲ್ಲ. “ಬಂದ್ರಾ? ಕಾಫಿ ಫ್ಲಾಸ್ಕಲ್ಲಿತ್ತು, ನೋಡ್ಲಿಲ್ವಾ?” ಎಂದಳು. ಮಗಳು ಬಂದು ಬೂಟಿನ ದಾರ ಬಿಗಿಯುತ್ತ, ತಲೆ ಎತ್ತದೆ ಹೇಳಿದಳು:

“ಅಮ್ಮ ಸಾಲಲ್ಲಪ್ಪಾ. ಹಿಂಗನ್ನೋದ್ರೊಳ್ಗೆ ಹಿಡ್ದುಬಿಡ್ತೀನಿ.”

ಶುಕ್ರವಾರ ಓಡಿದೆ. ಶನಿವಾರ ಎಷ್ಟು ಓಡಿದೆ ಎಂದರೆ ಅವಳ ಕೈಗೆ ಸಿಗಲಿಲ್ಲ. ಸೋತವಳ ಮುಖದಲ್ಲಿ ಅಂಥ ಖುಷಿಯನ್ನು ನಾನು ನೋಡಿರಲಿಲ್ಲ.

“ಸೋಮವಾರ ನಿನ್ನ ಒಳಗೆ ಬಿಡಲ್ಲ. ನೀನು ಮುಂದಿದ್ದೀಯ ಅಂದ್ಕೊಂಡೇ ಓಡ್ಬೇಕು ನಾನು. ಇವತ್ತಿದ್ದಂಗೆ ಇರ್ಬೇಕು ನೀನು, ಆಯ್ತಾ? ಗುರುವಾರದ ಥರ ಇದ್ರೆ ಮನಸ್ಸಿಗೂ ಬರಲ್ಲ ನೀನು.” ಸ್ವಲ್ಪ ಬಿಟ್ಟು ಸೇರಿಸಿದಳು: “ನಾಳೆ ಒಂದಿನ ಮಾತ್ರ ದಾಟಿಬಿಡು.”

ನಾಳೆ ಎಂದರೆ ಪಿತೃಪಕ್ಷದ ಅಮಾವಾಸ್ಯೆ. ಮುಳಬಾಗಿಲಿನಿಂದ ಆಚೆ, ಗಡಿಯ ಹತ್ತಿರದ ಊರಿನಲ್ಲಿ ನನ್ನ ತಮ್ಮನ ಮನೆ. ತೀರಿಕೊಂಡ ಅಪ್ಪನಿಗೆ ಅಲ್ಲೇ ಎಡೆ ಇಡುವುದು. ಫೋಟೋ ಮುಂದೆ ಬಾಳೆಯೆಲೆ, ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ. ಪಕ್ಕದಲ್ಲಿ ಹೊಸ ಪಂಚೆ. ಅದಕ್ಕೆ ಒರಗಿಸಿ ಒಂದು ಬಾಟಲಿ, ಏಕೆಂದರೆ ಸತ್ತವರಿಗೆ ಬದುಕಿದ್ದಾಗ ಇಷ್ಟವಾದದ್ದನ್ನೇ ಇಡಬೇಕು. ಪೂಜೆ ಆದಮೇಲೆ ಬಾಟಲಿಯ ಮೊದಲ ಗುಟುಕು ಹಿರಿಮಗನದು. ಅವನು ಕುಡಿಯುವ ತನಕ ಮನೆಯಲ್ಲಿ ಯಾರೂ ತುತ್ತು ಮುಟ್ಟುವಂತಿಲ್ಲ. ಹಿರಿಮಗ ನಾನು. ಪ್ರತಿ ವರ್ಷ ಆ ಒಂದು ಗುಟುಕಿನಿಂದ ಶುರುವಾದದ್ದು ಮಾರನೆಯ ದಿನ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ಆ ಮನೆಯ ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ಸಾಂಬ್ರಾಣಿ ಹೊಗೆಯಲ್ಲಿ ಅಪ್ಪನ ಮುಖ ಹತ್ತಿರ ಬಂದು, ದೂರ ಹೋಗಿ, ಮತ್ತೆ ಹತ್ತಿರ ಬರುತ್ತಿತ್ತು. ಚಿಕ್ಕಪ್ಪ, ಅಂದರೆ ಅಪ್ಪನ ತಮ್ಮ, ಸ್ಟೀಲ್ ಲೋಟಕ್ಕೆ ಸುರಿದು ನನ್ನ ಕೈಗಿಟ್ಟ.

“ತಗೊಳ್ರಾ. ನಿಮ್ಮಪ್ಪ ಕಾಯ್ತಾವ್ನೆ.”

“ಚಿಕ್ಕಪ್ಪಾ, ನಾಳೆ ಮಗೀಗೆ ಫಿಸಿಕಲ್ ಐತೆ…”

“ಫಿಸಿಕಲ್ ಅವಳಿಗೆ ತಾನೆ? ನಿಂಗಲ್ವಲ್ಲ.”

ನಗು. ಹಿಂದೆ ಮಕ್ಕಳು ಹಸಿವು ಅಂದರು. ತಮ್ಮನ ಹೆಂಡತಿ ಅವರನ್ನು ಗದರಿದಳು. ಲೋಟದ ವಾಸನೆ ಮೂಗಿಗೆ ಬಂತು. ಅದು ಕೆಟ್ಟ ವಾಸನೆಯಾಗಿರಲಿಲ್ಲ, ಮನೆಗೆ ಬಂದ ಹಾಗಿತ್ತು. ಮಗಳು ನನ್ನನ್ನು ನೋಡುತ್ತಿರಲಿಲ್ಲ, ಲೋಟವನ್ನು ನೋಡುತ್ತಿದ್ದಳು.

“ಒಂದ್ ಗುಟುಕು ಕಣೋ. ಸತ್ತೋನ ಬಾಯಿ ಒಣಗಿಸ್ತೀಯಾ?” ಎಂದ ಚಿಕ್ಕಪ್ಪ.

ಆಗ ಅಡುಗೆಮನೆ ಬಾಗಿಲಲ್ಲಿ ಅತ್ತೆ ಬಂದು ನಿಂತಳು. ಅಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಒಮ್ಮೆ ಮಗಳ ಕಡೆ, ಒಮ್ಮೆ ಲೋಟದ ಕಡೆ ನೋಡಿದಳು.

“ಅದನ್ಯಾಕ್ರೋ ಇಟ್ಟಿದ್ದೀರಾ? ನಮ್ಮಣ್ಣ ಕೊನೆಕೊನೆಗೆ ಬಿಟ್ಟೇ ಬಿಟ್ಟಿದ್ನಲ್ಲ. ಬಾಯಿ ಬಿಟ್ರೆ ಸೋಡಾ ಅಂತಿದ್ದ. ಸೋಡಾಕ್ಕೆ ನಿಂಬೆಹಣ್ಣು ಹಿಂಡ್ಕೊಡು ಅಂತಿದ್ದ.”

ಚಿಕ್ಕಪ್ಪ ಬಾಯಿ ತೆರೆದ. “ಯಾವಾಗಕ್ಕಾ ಬಿಟ್ಟಿದ್ದ? ನಾನೇ ಅಲ್ವಾ ತಂದ್ಕೊಡ್ತಿದ್ದಿದ್ದು?”

“ನಿಂಗೇನ್ರಾ ಗೊತ್ತು? ಅದನ್ನ ನೋಡೋಕೆ ನೀನು ಯಾವತ್ತು ಎಚ್ಚರವಾಗಿದ್ದೆ?”

ಮನೆ ತುಂಬ ನಗು ಎದ್ದಿತು. ಚಿಕ್ಕಪ್ಪನೂ ನಕ್ಕುಬಿಟ್ಟ, ಅಲ್ಲಿಗೆ ಅವನ ವಾದ ಮುಗಿಯಿತು. ತಮ್ಮ ಅಂಗಡಿಗೆ ಹೋಗಿ ಸೋಡಾ ತಂದ. ಅತ್ತೆ ನನ್ನ ಕೈಯಿಂದ ಲೋಟ ಕಿತ್ತುಕೊಂಡು ಹೋಗಿ ತೊಳೆದು ತಂದು, ಸೋಡಾ ಸುರಿದು, ನಿಂಬೆಹಣ್ಣು ಹಿಂಡಿ, ಎಡೆಯ ಮುಂದೆ ಒಂದು ಕ್ಷಣ ಇಟ್ಟು ಮತ್ತೆ ನನಗೆ ಕೊಟ್ಟಳು. ಕುಡಿದೆ. ಒಳಗಿನಿಂದ ದೊಡ್ಡ ತೇಗು ಬಂತು.

“ಅಗೋ, ನಮ್ಮಣ್ಣನೇ ತೇಗ್ದ! ಬಡಿಸ್ರೇ ಇನ್ನ,” ಎಂದಳು ಅತ್ತೆ.

ಬಾಟಲಿ ಯಾವಾಗಲೋ ಚಿಕ್ಕಪ್ಪನ ಟವೆಲ್ಲಿನ ಅಡಿಗೆ ಹೋಗಿತ್ತು.

ಊಟವಾದ ಮೇಲೆ ಹಿತ್ತಲಲ್ಲಿ ಕೈ ತೊಳೆಯುವಾಗ ಅತ್ತೆಯನ್ನು ಕೇಳಿದೆ. “ನಿಜವಾ ಅತ್ತೆ, ಸೋಡಾ ವಿಷ್ಯ?”

ಚೊಂಬಿನಿಂದ ನನ್ನ ಕೈಗೆ ನೀರು ಹಾಕುತ್ತ ಹೇಳಿದಳು: “ಈಗ ಅವನೇ ಎದ್ದು ಬಂದು ಇಲ್ಲ ಅಂತಾನೇನೋ?”

ಅಪ್ಪ ಕೊನೆಯ ತನಕ ಕುಡಿಯುತ್ತಿದ್ದ. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದೇ ಬರೆಯಬೇಕು, ಏಕೆಂದರೆ ನನ್ನ ಹತ್ತಿರ ಇದ್ದದ್ದು ಒಂದೇ ಚಿತ್ರ. ಜಗಲಿ, ಅಪ್ಪ, ನಡುಗುವ ಕೈ, ಕೈಯಲ್ಲಿ ಸ್ಟೀಲ್ ಲೋಟ. ಅದನ್ನು ಈಗ ತೆಗೆದು ನೋಡಿದರೆ ಆ ಲೋಟದಲ್ಲಿ ಒಂದು ನಿಂಬೆಬೀಜ ತೇಲುತ್ತಿರುತ್ತದೆ. ಎಷ್ಟು ತೆಗೆದು ಹಾಕಿದರೂ ಮತ್ತೆ ಅಲ್ಲೇ ಇರುತ್ತದೆ. ಇತ್ತೀಚೆಗೆ ತೆಗೆಯುವುದನ್ನು ಬಿಟ್ಟಿದ್ದೇನೆ.

ಸೋಮವಾರ ಮಗಳು ಗೇಟಿನೊಳಗೆ ಹೋದಳು. ಹೋಗುವ ಮುಂಚೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು, ನೆನಪಿಟ್ಟುಕೊಳ್ಳುವವಳಂತೆ. ನಾನೂ ಹೆಂಡತಿಯೂ ಹೊರಗೆ ಉಳಿದೆವು. ಮೈದಾನದ ಸುತ್ತ ಎತ್ತರದ ಕಾಂಪೌಂಡು, ಒಳಗಿನದು ಏನೂ ಕಾಣುತ್ತಿರಲಿಲ್ಲ. ಗುಂಪು ಗುಂಪಾಗಿ ಓಡಿಸುತ್ತಿದ್ದರು, ಒಂದೊಂದು ಗುಂಪಿಗೆ ಒಂದು ಸೀಟಿ. ಅವಳ ಗುಂಪು ಯಾವುದೆಂದು ತಿಳಿಯುವ ದಾರಿ ಇರಲಿಲ್ಲ.

ನನ್ನ ನೆನಪಿನಲ್ಲಿ, ಒಂದು ಸೀಟಿ ಊದಿದ ತಕ್ಷಣ ನಾನು ಗೋಡೆಯ ಹೊರಗಡೆ ಓಡಲು ಶುರು ಮಾಡಿದೆ. ಸಾಲಾಗಿ ನಿಲ್ಲಿಸಿದ್ದ ಬೈಕುಗಳು, ಮಂಡಿಯೆತ್ತರದ ಪಾರ್ಥೇನಿಯಂ, ಒಂದು ಟೀ ಗಾಡಿ, ಅಲ್ಲಿ ನಿಂತಿದ್ದ ಬೇರೆ ಅಪ್ಪಂದಿರ ಮುಖಗಳು. ಹಿಂದಕ್ಕೆ ತಿರುಗಿ ನೋಡಲಿಲ್ಲ. ಗೋಡೆಯ ಆಚೆ ಕಾಲುಗಳ ಸದ್ದು ಒಮ್ಮೆ ಹತ್ತಿರ ಬಂತು, ಒಮ್ಮೆ ದೂರವಾಯಿತು, ಗೆಜ್ಜೆಯಂತೆ ಏನೋ ಕೇಳಿಸಿತು. ಮುಂದಿನ ಸೀಟಿಗೆ ಮತ್ತೆ ಓಡಿದೆ. ಅದರ ಮುಂದಿನದಕ್ಕೂ.

ಹೆಂಡತಿ ಹೇಳುವುದು ಬೇರೆ. ನಾನು ಟೀ ಗಾಡಿಯ ಬೆಂಚಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದೆನಂತೆ, ಬಸ್ಸಿನಲ್ಲಿ ಕೂರುವ ಹಾಗೆ, ಒಂದು ಹೆಜ್ಜೆಯೂ ಕದಲಲಿಲ್ಲವಂತೆ. ಇರಬಹುದು. ತಾನು ಏರಿಯ ಮೇಲೆ ಓಡಲಿಲ್ಲ ಎನ್ನುವವಳೂ ಅವಳೇ.

ಬಿಸಿಲು ಏರಿದ ಮೇಲೆ ಮಗಳು ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ಗೇಟಿನಿಂದ ಹೊರಬಂದಳು. ಅಮ್ಮನಿಗೆ “ಆಯ್ತಮ್ಮಾ, ಪಾಸು,” ಎಂದಳು, ಸಾಮಾನು ತಂದುಕೊಟ್ಟವಳಷ್ಟು ಸಲೀಸಾಗಿ. ಆಮೇಲೆ ನನ್ನ ಹತ್ತಿರ ಬಂದು, ಅಭ್ಯಾಸದಂತೆ ಹಿಂದಿನಿಂದ ಅಂಗಿ ಹಿಡಿದೆಳೆದಳು. ತಕ್ಷಣ ಕೈ ಹಿಂದಕ್ಕೆ ತೆಗೆದು ಅಂಗೈ ನೋಡಿಕೊಂಡಳು.

“ಏನಪ್ಪಾ ಇದು,” ಎಂದಳು. “ಇಷ್ಟೊಂದು ಬೆವೆತಿದ್ದೀಯ?”